ಒಂದು ಬೆರಳಗಲ ತೆರೆದು ನಿಂತ ಟ್ರೇ

ಶನಿವಾರ, ಸಂಜೆ ಆರು ಗಂಟೆ

ಲ್ಯಾಪ್‌ಟಾಪ್ ನನ್ನ ಮೇಜಿಗೆ ಬಂದಾಗ ಅದರ ಬಲಬದಿಯಲ್ಲಿ ಡಿಸ್ಕ್ ಟ್ರೇ ಒಂದು ಬೆರಳಗಲ ಹೊರಬಂದು ನಿಂತಿತ್ತು. ಒಳಗೆ ತಳ್ಳಿದರೆ ಹೋಗದು, ಹೊರಗೆ ಎಳೆದರೆ ಬಾರದು. ತಂದವರು ಆಳಂದ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಶಿಕ್ಷಕರು. ಈಗ ಕಲಬುರಗಿಯ ನಮ್ಮ ಓಣಿಯಲ್ಲೇ ಮಗನ ಮನೆಯಲ್ಲಿದ್ದಾರೆ. ಒಳಗೆ ಸಿಕ್ಕಿಕೊಂಡಿದ್ದು 2008ರ ಶ್ರಾವಣದಲ್ಲಿ ಅವರ ಊರಿನ ಮಠದಲ್ಲಿ ರಾತ್ರಿಯಿಡೀ ನಡೆದ ಭಜನೆಯ ಧ್ವನಿಮುದ್ರಣ. ಏಕತಾರಿ, ದಮ್ಮಡಿ, ತಾಳ, ನಾಲ್ಕಾರು ಕಂಠಗಳು. ದೀಪ ಹಚ್ಚಿದ ಹೊತ್ತಿನಿಂದ ಮಂಗಳ ಹಾಡುವವರೆಗೆ ಬಿಡುವಿಲ್ಲದೆ ತತ್ವಪದ. ಅದರ ಬೇರೆ ಪ್ರತಿ ಎಲ್ಲಿಯೂ ಇಲ್ಲ.

ಟ್ರೇಯ ಮುಂಭಾಗದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಹೊಸ ಗೀರುಗಳಿದ್ದವು. ಮನೆಯಲ್ಲಿ ಯಾರೋ ಚಾಕುವಿನ ತುದಿ ತೂರಿಸಿ ಮೀಟಿದ್ದಾರೆ. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ತೆಳು ಡ್ರೈವ್ ಒಂದರ ದಪ್ಪವೇ 12.7 ಮಿಲಿಮೀಟರ್, ಇನ್ನೂ ತೆಳುವಾದ ಬಗೆಯಲ್ಲಿ 9.5. ಅಷ್ಟರೊಳಗೆ ಡಿಸ್ಕ್ ತಿರುಗಿಸುವ ಮೋಟಾರು, ಲೇಸರ್, ಲೆನ್ಸ್, ಅದನ್ನು ಹಿಂದೆ ಮುಂದೆ ಸರಿಸುವ ತಿರುಪು, ಕಾಗದದಂತೆ ಮಡಚಿದ ಪಟ್ಟಿ ತಂತಿ, ಎಲ್ಲವೂ ಇರುತ್ತವೆ. ಅಲ್ಲಿ ಚಾಕು ಓಡಾಡಲು ಜಾಗವಿಲ್ಲ.

ಸ್ಕ್ರೂ ಮುಟ್ಟುವ ಮೊದಲು ನನಗೆ ಬೇಕಾಗಿದ್ದದ್ದು ಒಂದೇ ಉತ್ತರ: ಡಿಸ್ಕನ್ನು ಹಿಡಿದುಕೊಂಡಿರುವುದು ಯಾವುದು? ಸಿಕ್ಕಿಕೊಂಡ ಡಿಸ್ಕುಗಳೆಲ್ಲ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಹಿಡಿತಗಳು ಮಾತ್ರ ಬೇರೆ ಬೇರೆ.

ಮೊದಲನೆಯದು ಸಾಫ್ಟ್‌ವೇರಿನ ಹಿಡಿತ. ಹಾಡು ನುಡಿಸುವ ತಂತ್ರಾಂಶವೋ ವೈರಸ್ ಹುಡುಕುವ ತಂತ್ರಾಂಶವೋ ಡಿಸ್ಕಿನ ಕಡತವೊಂದನ್ನು ತೆರೆದು ಕುಳಿತಿದ್ದರೆ, ಟ್ರೇ ತೆರೆಯಬೇಡ ಎಂಬ ಆದೇಶ ಡ್ರೈವಿಗೆ ಹೋಗಿರುತ್ತದೆ. ಆಗ ಗುಂಡಿ ಒತ್ತಿದರೂ ಅದು ಕೇಳುವುದಿಲ್ಲ. ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ, ವಿಂಡೋಸ್ ಮೇಲೇಳುವ ಮೊದಲೇ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಟ್ರೇ ಹೊರಬರುತ್ತದೆ. ಎರಡನೆಯದು ಚಿಲಕದ ಹಿಡಿತ. ತೆಳು ಡ್ರೈವುಗಳಲ್ಲಿ ಟ್ರೇಯನ್ನು ಹೊರದಬ್ಬುವ ಮೋಟಾರು ಇಲ್ಲ. ಪುಟ್ಟ ವಿದ್ಯುತ್ಕಾಂತವೊಂದು ಚಿಲಕ ಬಿಡಿಸುತ್ತದೆ, ಸ್ಪ್ರಿಂಗ್ ಟ್ರೇಯನ್ನು ಒಂದೆರಡು ಸೆಂಟಿಮೀಟರ್ ನೂಕುತ್ತದೆ, ಉಳಿದದ್ದನ್ನು ನಾವು ಕೈಯಿಂದ ಎಳೆಯಬೇಕು. ಯಂತ್ರ ಆರಿಸಿದ್ದಾಗ ಗುಂಡಿ ಕೆಲಸ ಮಾಡದಿರುವುದು ಇದರಿಂದಲೇ. ಆಗ ನೆರವಿಗೆ ಬರುವುದು ಮುಂಭಾಗದ ಸೂಜಿರಂಧ್ರ. ಕಾಗದದ ಕ್ಲಿಪ್ಪನ್ನು ನೆಟ್ಟಗೆ ಬಿಡಿಸಿ, ಓರೆಯಾಗದಂತೆ ನೇರವಾಗಿ ತೂರಿಸಿ, ಒಳಗೆ ತಡೆ ಸಿಕ್ಕಲ್ಲಿ ಮೆಲ್ಲಗೆ ಒತ್ತಿದರೆ ಚಿಲಕ ಬಿಡುತ್ತದೆ. ಹೊಲಿಗೆಯ ಸೂಜಿ ಬೇಡ. ಅದು ಚಿಲಕ ಬಿಡಿಸುವ ಸನ್ನೆಯ ಪಕ್ಕದಿಂದ ಜಾರಿ ಬೇರೆಲ್ಲೋ ಚುಚ್ಚುತ್ತದೆ.

ಇಲ್ಲಿ ಇವೆರಡೂ ಅಲ್ಲ. ಗುಂಡಿ ಒತ್ತಿದಾಗ ಟಕ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿತ್ತೆಂದು ಮೇಷ್ಟ್ರು ಹೇಳಿದರು. ಟ್ರೇ ಬೆರಳಗಲ ಹೊರಬಂದೂ ಇದೆ. ಅಂದರೆ ಆದೇಶ ತಲುಪಿದೆ, ಚಿಲಕ ಬಿಟ್ಟಿದೆ, ಸ್ಪ್ರಿಂಗ್ ನೂಕಿದೆ. ಅಲ್ಲಿಂದ ಮುಂದೆ ಯಾವುದೋ ಅಡ್ಡ ನಿಂತಿದೆ. ಡಿಸ್ಕಿನ ನಡುರಂಧ್ರವನ್ನು ಹಿಡಿದಿಡುವ ಗುಂಡನೆಯ ಗುಬ್ಬಿಯಿಂದ ಅದು ಕಳಚಿ ಓರೆಯಾಗಿರಬೇಕು, ಇಲ್ಲವೇ ಅದರ ಮೇಲೇನೋ ಅಂಟಿರಬೇಕು.

"ಡಿಸ್ಕಿನ ಮೇಲೆ ಚೀಟಿ ಅಂಟಿಸಿದ್ದಿರಾ?" ಎಂದು ಕೇಳಿದೆ.

"ಚೀಟಿಯಲ್ಲ, ದುಂಡನೆಯ ಲೇಬಲ್. ಮಠದ ಫೋಟೊ ಹಾಕಿಸಿ ಬಣ್ಣದಲ್ಲಿ ಅಚ್ಚು ಮಾಡಿಸಿದ್ದೆವು" ಎಂದರು.

ಟಾರ್ಚ್ ಹಿಡಿದು ಆ ಸಂದಿನೊಳಗೆ ನೋಡಿದೆ. ಲೇಬಲ್ಲಿನ ಒಂದು ಅಂಚು ನಾಲಗೆಯಂತೆ ಮೇಲೆದ್ದು ಡ್ರೈವಿನ ತಗಡಿನ ಮುಚ್ಚಳಕ್ಕೆ ಒಳಗಿನಿಂದ ಅಂಟಿಕೊಂಡಿತ್ತು. ಡಿಸ್ಕಿಗೂ ಮುಚ್ಚಳಕ್ಕೂ ನಡುವೆ ಇರುವ ಜಾಗವೇ ಒಂದೆರಡು ಮಿಲಿಮೀಟರ್. ಮೇ ತಿಂಗಳು, ಹೊರಗೆ 43 ಡಿಗ್ರಿ. ಲ್ಯಾಪ್‌ಟಾಪಿನ ಒಡಲು ಕೋಣೆಗಿಂತಲೂ ಬಿಸಿ. ಹಳೆಯ ಅಂಟು ಮೆತ್ತಗಾಗಿ, ಕಾಗದ ಸುರುಳಿ ಸುತ್ತಿ, ಮುಚ್ಚಳವನ್ನು ಕಚ್ಚಿ ಹಿಡಿದಿದೆ.

ಕಾರಣ ಸಿಕ್ಕಿದ ಕೂಡಲೇ ಭಯವೂ ಹೆಚ್ಚಾಯಿತು. ಅದು ಏಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿ.ಡಿ.ಯಲ್ಲಿ ಮಾಹಿತಿ ಇರುವುದು ಹೊಳೆಯುವ ಬದಿಯಲ್ಲಿ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಆ ಬದಿಯನ್ನು ಹತ್ತಿಯಲ್ಲಿಟ್ಟಂತೆ ಜೋಪಾನ ಮಾಡುತ್ತಾರೆ, ಮೇಲಿನ ಬದಿಯ ಮೇಲೆ ಬಾಲ್‌ಪೆನ್ನಿನಿಂದ ಬರೆಯುತ್ತಾರೆ. ನಿಜ ಸ್ಥಿತಿ ತಿರುಗುಮುರುಗು. 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ ಕೆಳಗಿದೆ. ಲೇಸರ್ ಅದರ ಮೂಲಕ ಹಾದು ಮೇಲಿನ ಪದರವನ್ನು ಓದುತ್ತದೆ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿ ಆ ಬಿಲ್ಲೆಯ ನೆತ್ತಿಯ ಮೇಲೆ ಬಣ್ಣದ ಪದರ, ಅದರ ಮೇಲೆ ಬೆಳಕು ಹಿಂತಿರುಗಿಸುವ ಲೋಹದ ಪದರ, ಅದರ ಮೇಲೆ ಕೂದಲೆಳೆಗಿಂತ ತೆಳುವಾದ ಮೆರುಗೆಣ್ಣೆ. ಅಷ್ಟೇ. ಲೇಬಲ್ ಅಂಟಿರುವುದು ಆ ಮೆರುಗೆಣ್ಣೆಗೆ. ಕಾಗದವನ್ನು ಕಿತ್ತರೆ ಅದರೊಂದಿಗೆ ಮೆರುಗೆಣ್ಣೆ, ಲೋಹ, ಬಣ್ಣ ಎಲ್ಲವೂ ಎದ್ದು ಬರುತ್ತವೆ, ಕೈಯಲ್ಲಿ ಉಳಿಯುವುದು ಬರಿಯ ಪಾರದರ್ಶಕ ಪ್ಲಾಸ್ಟಿಕ್. ಡಿ.ವಿ.ಡಿ. ಆಗಿದ್ದರೆ ಇಷ್ಟು ಅಂಜಬೇಕಾಗಿರಲಿಲ್ಲ, ಅದರಲ್ಲಿ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಮಾಹಿತಿಯ ಪದರ ಭದ್ರವಾಗಿರುತ್ತದೆ.

ಮೇಷ್ಟ್ರ ಡಿಸ್ಕ್ ಸಿ.ಡಿ. ಚಾಕು ಹಿಡಿದ ಕೈ ಟ್ರೇಯನ್ನು ಇನ್ನೊಂದು ಅಂಗುಲ ಎಳೆದಿದ್ದರೆ ಆ ರಾತ್ರಿಯ ಒಂದು ಭಾಗ ಮುಚ್ಚಳದ ಒಳಮೈಗೆ ಮೆತ್ತಿಕೊಂಡು ಉಳಿಯುತ್ತಿತ್ತು.

ಅವರನ್ನು ಕಳುಹಿಸಿ, ಬ್ಯಾಟರಿ ತೆಗೆದು, ಲ್ಯಾಪ್‌ಟಾಪನ್ನು ಫ್ಯಾನಿನ ಕೆಳಗಿಟ್ಟೆ. ಸಂಜೆಯೂ ಕೋಣೆಯಲ್ಲಿ 37 ಡಿಗ್ರಿ ಇತ್ತು. ಇಂಥ ಅಂಟು ಬಿಸಿಯಲ್ಲಿ ದಾರದಂತೆ ಎಳೆಯುತ್ತದೆ, ತಂಪಿನಲ್ಲಿ ಬಿಗಿಯಾಗಿ ಸೀಳಿನಂತೆ ಬಿಡುತ್ತದೆ. ಫ್ರಿಜ್ಜಿನಲ್ಲಿಡುವ ಯೋಚನೆ ಬಂದಿತ್ತು. ಆದರೆ ಹೊರತೆಗೆದ ಮೇಲೆ ಒಳಗೆಲ್ಲ ನೀರು ಕೂರುತ್ತದೆ, ಕಾಗದ ನೆನೆಯುತ್ತದೆ. ಬೆಳಗಿನ ಜಾವದವರೆಗೆ ಕಾಯುವುದೇ ಸರಿ ಎನ್ನಿಸಿತು.

ಭಾನುವಾರ, ಬೆಳಿಗ್ಗೆ ಐದೂವರೆ

ಉಷ್ಣಮಾಪಕ 29 ತೋರಿಸುತ್ತಿತ್ತು. ಕಲಬುರಗಿಯ ಮೇ ತಿಂಗಳಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ನಮ್ಮ ಮನೆಯದು ಶಹಾಬಾದ್ ಕಲ್ಲಿನ ನೆಲ. ಕಾಲಿಗೆ ತಂಪು, ಆದರೆ ಎರಡು ಮಿಲಿಮೀಟರಿನ ಸ್ಕ್ರೂ ಅದರ ಮೇಲೆ ಬಿದ್ದರೆ ಪುಟಿದು ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತದೆ. ಮೇಜಿನ ಮೇಲೊಂದು, ಕಾಲಡಿಗೊಂದು ಬಿಳಿ ಪಂಚೆ ಹಾಸಿದೆ. ಎರೆಮಣ್ಣಿನ ಧೂಳು ಕಿಟಕಿಯಿಂದ ಬಾರದಿರಲೆಂದು ಬಾಗಿಲು ಕಿಟಕಿ ಮುಚ್ಚಿ ಫ್ಯಾನ್ ಆರಿಸಿದೆ.

ಲ್ಯಾಪ್‌ಟಾಪಿನಿಂದ ಡ್ರೈವನ್ನು ಬಿಡಿಸುವುದು ಸುಲಭ. ತಳದಲ್ಲಿ ಡಿಸ್ಕಿನ ಪುಟ್ಟ ಚಿತ್ರದ ಪಕ್ಕದಲ್ಲಿ ಒಂದೇ ಸ್ಕ್ರೂ. ಅದನ್ನು ತೆಗೆದರೆ ಇಡೀ ಡ್ರೈವ್ ಪಕ್ಕಕ್ಕೆ ಜಾರಿ ಬರುತ್ತದೆ. ನಾನು ಟ್ರೇಯನ್ನು ಹಿಡಿದು ಎಳೆಯಲಿಲ್ಲ. ಸ್ಕ್ರೂ ಇದ್ದ ಕೊಕ್ಕೆಯನ್ನು ಒಳಗಿನಿಂದ ತಳ್ಳಿ ಡ್ರೈವಿನ ತಗಡನ್ನೇ ಹಿಡಿದು ತೆಗೆದೆ.

ಮುಂದಿನದು ಎಚ್ಚರದ ಕೆಲಸ. ಡ್ರೈವಿನ ಅಡಿಯಲ್ಲೂ ಅಂಚಿನಲ್ಲೂ ಇರುವ ಸಣ್ಣ ಸ್ಕ್ರೂಗಳನ್ನು ತೆಗೆದರೆ ಮೇಲಿನ ಮುಚ್ಚಳ ಸಡಿಲವಾಗುತ್ತದೆ. ಬೇರೆ ದಿನವಾಗಿದ್ದರೆ ಅದನ್ನು ಎತ್ತಿ ಪಕ್ಕಕ್ಕಿಡುತ್ತಿದ್ದೆ. ಇಂದು ಎತ್ತಿದರೆ ಲೇಬಲ್ ಅದರೊಂದಿಗೆ ಏಳುತ್ತದೆ. ಹಾಗಾಗಿ ಸ್ಕ್ರೂಗಳನ್ನು ತೆಗೆದು ಮುಚ್ಚಳವನ್ನು ಇದ್ದಲ್ಲೇ ಬಿಟ್ಟು, ಸಂದಿನಲ್ಲಿ ಎಕ್ಸ್‌ರೇ ಫಿಲ್ಮಿನ ಪಟ್ಟಿಯೊಂದನ್ನು ತೂರಿಸಿದೆ. ಮನೆಯಲ್ಲಿ ಹಳೆಯ ಎಕ್ಸ್‌ರೇ ಇದ್ದರೆ ಎಸೆಯಬೇಡಿ. ಆ ಫಿಲ್ಮ್ ತೆಳು, ಬಾಗುತ್ತದೆ, ಹರಿಯುವುದಿಲ್ಲ, ಲೋಹದಂತೆ ಗೀರುವುದೂ ಇಲ್ಲ. ಬೆರಳಗಲದ ಪಟ್ಟಿ ಕತ್ತರಿಸಿ, ತುದಿಯನ್ನು ಉಗುರಿನಂತೆ ದುಂಡಗೆ ಮಾಡಿಕೊಂಡಿದ್ದೆ.

ಪಟ್ಟಿಯನ್ನು ಡಿಸ್ಕಿನ ಕಡೆಗೆ ಒತ್ತಬಾರದು. ಮುಚ್ಚಳದ ಒಳಮೈಗೆ ತಾಗಿಸಿಕೊಂಡು, ಕಾಗದಕ್ಕೂ ತಗಡಿಗೂ ನಡುವೆ ಸರಿಸಬೇಕು. ಎಡದಿಂದ ಬಲಕ್ಕೆ ಒಂದು ಎಳೆ, ನಿಲ್ಲಿಸು, ಟಾರ್ಚಿನಿಂದ ನೋಡು, ಮತ್ತೊಂದು ಎಳೆ. ಅಂಟು ಬಿಡುವಾಗ ಒಣ ಎಲೆ ಮುರಿದಂತೆ ಸಣ್ಣ ಸದ್ದು ಬರುತ್ತಿತ್ತು. ಆ ಸದ್ದು ಬದಲಾಗಿ ಚರ್ರ್ ಎಂದರೆ ಕಾಗದ ಹರಿಯುತ್ತಿದೆ ಎಂದರ್ಥ. ಎರಡು ಸಲ ಹಾಗಾಯಿತು, ಎರಡು ಸಲವೂ ಪಟ್ಟಿಯನ್ನು ಹೊರತೆಗೆದು ಇನ್ನೊಂದು ಬದಿಯಿಂದ ಶುರುಮಾಡಿದೆ. ಥಿನ್ನರ್ ಅಥವಾ ಪೆಟ್ರೋಲ್ ಹಾಕಿ ಅಂಟು ಕರಗಿಸುವವರಿದ್ದಾರೆ. ಅಂಥ ದ್ರವ ಪಾಲಿಕಾರ್ಬೊನೇಟಿಗೆ ತಾಗಿದರೆ ಅದು ಮಂಜುಗಟ್ಟಿ ಬಿರುಕು ಬಿಡುತ್ತದೆ. ಎಷ್ಟೇ ಆತುರವಿದ್ದರೂ ಆ ದಾರಿ ಬೇಡ.

ನಲವತ್ತು ನಿಮಿಷ ಹಿಡಿಯಿತು. ಕೊನೆಯ ಎಳೆಗೆ ಮುಚ್ಚಳ ತಾನಾಗಿ ಒಂದಿಷ್ಟು ಮೇಲೆದ್ದಿತು. ಅದನ್ನು ಓರೆಯಾಗಿ ಹಿಂದಕ್ಕೆ ಎತ್ತಿ ತೆಗೆದೆ. ಒಳಮೈಯಲ್ಲಿ ಅಂಟಿನ ಕಂದು ಕಲೆ, ಅದರ ಮೇಲೆ ಮಠದ ಗೋಪುರದ ಬಣ್ಣ ಒಂದು ಚೂರು.

ಡಿಸ್ಕ್ ಇನ್ನೂ ಗುಬ್ಬಿಯ ಮೇಲೆ ಕುಳಿತಿತ್ತು. ಗುಬ್ಬಿಯಲ್ಲಿ ಸ್ಪ್ರಿಂಗಿನ ಮೂರು ಹಲ್ಲುಗಳಿವೆ. 15 ಮಿಲಿಮೀಟರಿನ ರಂಧ್ರವನ್ನು ಅವು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಅಂಚನ್ನು ಹಿಡಿದು ಕಿತ್ತರೆ ಡಿಸ್ಕ್ ಬಿಲ್ಲಿನಂತೆ ಬಾಗುತ್ತದೆ, ಮೇಲಿನ ಪದರ ಬಿರುಕು ಬಿಡುತ್ತದೆ. ಹೆಬ್ಬೆರಳಿನಿಂದ ಗುಬ್ಬಿಯನ್ನು ಕೆಳಗೊತ್ತಿ, ಉಳಿದ ಬೆರಳುಗಳಿಂದ ಡಿಸ್ಕನ್ನು ಮೇಲೆತ್ತಬೇಕು. ಕ್ಲಿಕ್ ಎಂದಿತು, ಕೈಗೆ ಬಂತು.

ಟ್ರೇ ಇಲ್ಲದೆ ಸೀಳಿನೊಳಗೆ ಡಿಸ್ಕನ್ನು ಎಳೆದುಕೊಳ್ಳುವ ಡ್ರೈವುಗಳ ಕತೆ ಬೇರೆ. ಅವುಗಳಲ್ಲಿ ರಬ್ಬರ್ ಉರುಳೆಗಳಿರುತ್ತವೆ. ಹಳೆಯ ಮ್ಯಾಕ್‌ಬುಕ್‌ಗಳಲ್ಲಿ ಯಂತ್ರ ಶುರುವಾಗುವಾಗ ಟ್ರ್ಯಾಕ್‌ಪ್ಯಾಡಿನ ಗುಂಡಿಯನ್ನು ಒತ್ತಿ ಹಿಡಿದರೆ ಡಿಸ್ಕನ್ನು ಹೊರನೂಕಲು ಯತ್ನಿಸುತ್ತವೆ. ಲೇಬಲ್ ಅಂಟಿದ ಡಿಸ್ಕನ್ನು ಅವಕ್ಕೆ ಎಂದೂ ಹಾಕಬಾರದು.

ಭಾನುವಾರ, ಎಂಟು ಗಂಟೆಯ ನಂತರ

ಲೇಬಲ್ಲಿನ ಮುಕ್ಕಾಲು ಭಾಗ ಇನ್ನೂ ಗಟ್ಟಿಯಾಗಿ ಅಂಟಿತ್ತು. ಅದನ್ನು ಮುಟ್ಟಲಿಲ್ಲ. ಎದ್ದು ನಿಂತಿದ್ದ ನಾಲಗೆಯನ್ನಷ್ಟೇ ಕತ್ತರಿಯಿಂದ, ಮೆರುಗೆಣ್ಣೆಗೆ ತಾಗದಂತೆ ಕತ್ತರಿಸಿದೆ. ಬ್ಲೇಡ್ ಬಳಸಿದ್ದರೆ ಗೆರೆ ನೇರವಾಗಿ ಬರುತ್ತಿತ್ತು, ಆದರೆ ಬ್ಲೇಡಿನ ಒಂದು ಗೀರು ಲೋಹದ ಪದರವನ್ನು ದಾಟಿಬಿಡುತ್ತದೆ. ಕತ್ತರಿಸಿದ ಜಾಗ ಚಂದ್ರನ ಬಿದಿಗೆಯ ಆಕಾರದಲ್ಲಿತ್ತು, ಅಗಲವಾದ ಕಡೆ ಒಂದು ಸೆಂಟಿಮೀಟರ್. ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಆ ಬಿದಿಗೆಯೊಳಗೆ ಮೂರು ಕಡೆ ಸೂಜಿಮೊನೆಯಷ್ಟು ಬೆಳಕು ತೂರಿ ಬರುತ್ತಿತ್ತು. ಕಾಗದ ಮೇಲೇಳುವಾಗ ಲೋಹದ ಮೂರು ಚುಕ್ಕೆಗಳನ್ನು ಕೊಂಡೊಯ್ದಿದೆ.

ಸಿ.ಡಿ.ಯ ಬರವಣಿಗೆ ನಡುವಿನಿಂದ ಅಂಚಿನ ಕಡೆಗೆ ಸಾಗುತ್ತದೆ. ಹೊಳೆಯುವ ಬದಿಯಲ್ಲಿ ಬರೆದ ಭಾಗದ ಛಾಯೆಯೇ ಬೇರೆ, ಬರಿದಾದ ಭಾಗದ್ದೇ ಬೇರೆ. ಇಲ್ಲಿ ಬರೆದ ಭಾಗ ಅಂಚಿನಿಂದ ಅರ್ಧ ಸೆಂಟಿಮೀಟರ್ ಹಿಂದೆ ಮುಗಿದಿತ್ತು. ಮೂರು ಚುಕ್ಕೆಗಳಲ್ಲಿ ಒಂದು ಬರಿದಾದ ಜಾಗದಲ್ಲಿ, ಎರಡು ಬರೆದ ಜಾಗದಲ್ಲಿ. ರಾತ್ರಿಯ ಭಜನೆಯಲ್ಲಿ ಅದು ಬೆಳಗಿನ ಜಾವದ ಭಾಗ.

ಸಣ್ಣ ಚುಕ್ಕೆಗೆಲ್ಲ ಎದೆಗುಂದಬೇಕಾಗಿಲ್ಲ. ಸಿ.ಡಿ.ಯಲ್ಲಿ ಮಾಹಿತಿಯನ್ನು ಒಂದೇ ಕಡೆ ಒತ್ತೊತ್ತಾಗಿ ಇಡದೆ ಹರಡಿ, ರೀಡ್–ಸಾಲೊಮನ್ ಸಂಕೇತದ ಮೂಲಕ ಹೆಚ್ಚುವರಿ ಅಂಕಿಗಳನ್ನು ಸೇರಿಸಿರುತ್ತಾರೆ. ಮಾಹಿತಿ ಬರೆದ ಸುರುಳಿ ಜಾಡಿನ ಉದ್ದಕ್ಕೂ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಉಳಿದದ್ದರಿಂದ ಅದನ್ನು ಲೆಕ್ಕಹಾಕಿ ಮರಳಿ ಪಡೆಯಬಹುದು. ಡಿಸ್ಕನ್ನು ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ಒರೆಸಬಾರದು ಎಂದು ಹೇಳುವುದು ಇದೇ ಕಾರಣಕ್ಕೆ. ಅಡ್ಡ ಗೀರು ಒಂದೊಂದು ಸುತ್ತಿನಲ್ಲೂ ಒಂದು ಚೂರನ್ನಷ್ಟೇ ಕಡಿಯುತ್ತದೆ. ಜಾಡಿನ ಗುಂಟ ಬಿದ್ದ ಗೀರು ಒಂದೇ ಸಾಲನ್ನು ಉದ್ದಕ್ಕೂ ನುಂಗುತ್ತದೆ.

ಓದಿಸುವ ಮುಂಚೆ ಇನ್ನೊಂದು ತೊಡಕು. ಲೇಬಲ್ಲಿನ ಒಂದು ಬದಿ ಹೋಗಿದ್ದರಿಂದ ಡಿಸ್ಕಿನ ತೂಕ ಸಮವಾಗಿಲ್ಲ. ಮೇಜಿನ ಕಂಪ್ಯೂಟರಿನ 52 ಪಟ್ಟು ವೇಗದ ಡ್ರೈವಿಗೆ ಹಾಕಿದರೆ ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನವರೆಗೆ ಹೋಗಬಲ್ಲದು. ಒಂದು ಬದಿ ಭಾರವಾದ, ಸಡಿಲ ಕಾಗದ ಹೊತ್ತ ಡಿಸ್ಕಿಗೆ ಅದು ಸಲ್ಲದು. ನನ್ನಲ್ಲಿ ಯು.ಎಸ್.ಬಿ.ಗೆ ಜೋಡಿಸುವ ತೆಳು ಡ್ರೈವ್ ಇದೆ. ಅದನ್ನು ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಸೇರಿಸಿ, ಆದೇಶ ಕೊಟ್ಟು ವೇಗವನ್ನು 4 ಪಟ್ಟಿಗೆ ಇಳಿಸಿದೆ. ಆ ವೇಗದಲ್ಲಿ ನಡುಭಾಗ ಓದುವಾಗ ನಿಮಿಷಕ್ಕೆ ಸುಮಾರು 2000 ಸುತ್ತು, ಅಂಚಿಗೆ ಬಂದಾಗ 800. ಡಿಸ್ಕ್ ಹಾಕಿ ಡ್ರೈವಿನ ಮೇಲೆ ಅಂಗೈಯಿಟ್ಟೆ. ಸಣ್ಣ ನಡುಕ, ಅಷ್ಟೇ.

ಕಡತಗಳನ್ನು ಒಂದೊಂದಾಗಿ ನಕಲು ಮಾಡಲು ಹೋಗಲಿಲ್ಲ. ಕೆಟ್ಟ ಜಾಗ ಬಂದಾಗ ಸಾಮಾನ್ಯ ನಕಲು ಅಲ್ಲೇ ಪರದಾಡಿ ನಿಲ್ಲುತ್ತದೆ, ಡಿಸ್ಕ್ ಸುಮ್ಮನೆ ಸವೆಯುತ್ತದೆ. ಇಂಥ ಕೆಲಸಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಮೊದಲ ಸುತ್ತಿನಲ್ಲಿ ಸಲೀಸಾಗಿ ಸಿಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ತಡೆ ಸಿಕ್ಕಲ್ಲಿ ಜಿಗಿದು ಮುಂದೆ ಹೋಗುತ್ತದೆ, ಬಿಟ್ಟ ಜಾಗಗಳನ್ನು ಒಂದು ನಕ್ಷೆಯ ಕಡತದಲ್ಲಿ ಗುರುತಿಟ್ಟುಕೊಂಡು ಆಮೇಲೆ ಮತ್ತೆ ಮತ್ತೆ ಯತ್ನಿಸುತ್ತದೆ.

ಒಟ್ಟು 590 ಎಂ.ಬಿ. ಮೊದಲ ಸುತ್ತು ಅರ್ಧ ದಾರಿಗೆ ಬಂದಾಗ ವಿದ್ಯುತ್ ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ, ಪರದೆ ಕಪ್ಪಾಯಿತು. ಒಂದೂಕಾಲು ಗಂಟೆ ಬೀಸಣಿಗೆ ಹಿಡಿದು ಕುಳಿತೆ. ದೀಪ ಬಂದ ಮೇಲೆ ಅದೇ ಆದೇಶವನ್ನು, ಅದೇ ನಕ್ಷೆಯ ಕಡತದ ಹೆಸರಿನೊಂದಿಗೆ ಮತ್ತೆ ಕೊಟ್ಟೆ. ನಿಂತಲ್ಲಿಂದಲೇ ಮುಂದುವರಿಯಿತು. ಬೇಸಿಗೆಯಲ್ಲಿ ಈ ಭಾಗದಲ್ಲಿ ಕೆಲಸ ಮಾಡುವವರು ನಕ್ಷೆಯ ಕಡತದ ಹೆಸರು ಕೊಡುವುದನ್ನು ಮಾತ್ರ ಮರೆಯಬಾರದು. ಅದಿಲ್ಲದಿದ್ದರೆ ಎಲ್ಲವನ್ನೂ ಮೊದಲಿನಿಂದ ಓದಿಸಬೇಕಾಗುತ್ತಿತ್ತು.

ಮೊದಲ ಸುತ್ತು ಮುಗಿದಾಗ ಬಾಕಿ ಉಳಿದದ್ದು ಎರಡು ಗುಂಪು, ಒಟ್ಟು ಮುನ್ನೂರಕ್ಕೂ ಹೆಚ್ಚು ಸೆಕ್ಟರ್, ಅಂದರೆ ಮಾಹಿತಿಯ ಪುಟ್ಟ ತುಂಡುಗಳು. ಮರುಯತ್ನದಲ್ಲಿ ಅದು ಇಳಿಯುತ್ತ ಬಂತು. ಡಿಸ್ಕನ್ನು ಹೊರತೆಗೆದು ಗುಬ್ಬಿಯ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದಾಗ ಇನ್ನಷ್ಟು ಸಿಕ್ಕವು. ಸಂಜೆಗೆ ಉಳಿದದ್ದು 22 ಸೆಕ್ಟರ್, ಒಂದೇ ಕಡತದಲ್ಲಿ. ಅಲ್ಲಿಗೆ ನಿಲ್ಲಿಸಿದೆ. ಸೆಕ್ಟರಿಗೆ 2048 ಬೈಟಿನಂತೆ ಅದು 45,056 ಬೈಟ್. 128 ಕಿಲೊಬಿಟ್ಟಿನ ಎಂಪಿ3 ಸೆಕೆಂಡಿಗೆ 16,000 ಬೈಟ್ ತಿನ್ನುತ್ತದೆ. ಹತ್ತೂಮುಕ್ಕಾಲು ಗಂಟೆಯ ಭಜನೆಯಲ್ಲಿ ಕಳೆದುಹೋದದ್ದು 2.8 ಸೆಕೆಂಡ್.

ಸೋಮವಾರ

ಡ್ರೈವಿನ ಕೆಲಸ. ಮುಚ್ಚಳದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ನೆನೆಸಿದ ಬಟ್ಟೆಯಲ್ಲಿ ಒರೆಸಿದೆ. ಮೂರು ಸಲ ಒರೆಸಿದ ಮೇಲೆ ಬೆರಳಿಗೆ ಜಿಗುಟು ಹತ್ತಲಿಲ್ಲ. ಚಾಕು ಮೀಟಿದ್ದಲ್ಲಿ ತಗಡಿನ ತುಟಿ ಒಳಕ್ಕೆ ಬಾಗಿತ್ತು. ಅದನ್ನು ಚಪ್ಪಟೆ ಇಕ್ಕಳದಿಂದ ನೇರ ಮಾಡಿದೆ. ಆ ಬಾಗು ಹಾಗೆಯೇ ಇದ್ದಿದ್ದರೆ ಮುಂದಿನ ಡಿಸ್ಕನ್ನು ಗೀರುತ್ತಿತ್ತು. ಟ್ರೇ ಓಡುವ ಹಳಿಗಳಲ್ಲಿ ಕಪ್ಪು ಧೂಳು ಎಣ್ಣೆಯೊಂದಿಗೆ ಸೇರಿ ಕಾಡಿಗೆಯಂತಾಗಿತ್ತು. ಒರೆಸಿ ತೆಗೆದು ಬೆಂಕಿಕಡ್ಡಿಯ ತುದಿಯಷ್ಟು ಸಿಲಿಕೋನ್ ಗ್ರೀಸ್ ಸವರಿದೆ. ಹೊಲಿಗೆ ಯಂತ್ರದ ಎಣ್ಣೆ ಹಾಕಬಾರದು. ಅದು ಬಿಸಿಗೆ ತೆಳುವಾಗಿ ಹರಿದು ಲೆನ್ಸಿನ ಮೇಲೆ ಹೋಗುತ್ತದೆ.

ಲೆನ್ಸ್ ಒರೆಸುವಾಗ ಉಸಿರು ಬಿಗಿಹಿಡಿದೆ. ಅದು ಕೂದಲಿನಂಥ ತಂತಿಗಳ ಮೇಲೆ ತೇಲುತ್ತಿರುತ್ತದೆ. ಹತ್ತಿಯ ಕಡ್ಡಿಗೆ ಆಲ್ಕೊಹಾಲ್ ತಾಗಿಸಿ, ಅದರ ಭಾರವನ್ನಷ್ಟೇ ಬಿಟ್ಟು ಒಂದು ಸುತ್ತು ತಿರುಗಿಸಿದೆ. ಮುಚ್ಚಳ ಹಾಕಿ ಸ್ಕ್ರೂ ಬಿಗಿದ ಮೇಲೆಯೇ ವಿದ್ಯುತ್ ಕೊಟ್ಟೆ. ಲೇಸರ್ ಇರುವ ಯಂತ್ರವನ್ನು ತೆರೆದಿಟ್ಟು ನಡೆಸುವ ಅಭ್ಯಾಸ ಯಾರಿಗೂ ಬೇಡ.

ಪರೀಕ್ಷೆಗೆ ಹಾಕಿದ್ದು ಎಸೆಯಲೆಂದು ಇಟ್ಟಿದ್ದ ಡಿಸ್ಕ್. ಇಪ್ಪತ್ತು ಸಲ ತೆರೆದು ಮುಚ್ಚಿದೆ, ಹತ್ತು ಸಲ ಗುಂಡಿಯಿಂದ, ಹತ್ತು ಸಲ ಕ್ಲಿಪ್ಪಿನಿಂದ. ಇಪ್ಪತ್ತು ಸಲವೂ ಟ್ರೇ ಕೊನೆಯವರೆಗೆ ಬಂತು.

ಸಂಜೆ ಮೇಷ್ಟ್ರು ಬಂದರು. ಆ 2.8 ಸೆಕೆಂಡ್ ಇರುವ ಪದವನ್ನು ಮೊದಲು ಕೇಳಿಸಿದೆ. ನಷ್ಟವನ್ನು ಮುಚ್ಚಿಡಬಾರದು ಎಂದು ನನಗೆ ಅನ್ನಿಸಿತ್ತು. ಏಕತಾರಿಯ ಶ್ರುತಿ, ದಮ್ಮಡಿಯ ಪೆಟ್ಟು, ಪಲ್ಲವಿ ಎರಡನೆಯ ಸಲ ಏರುವಾಗ ತಟ್ಟನೆ ಮೌನ. ಆ ಮೌನದಲ್ಲಿ ಅವರು ಕಣ್ಣು ಮುಚ್ಚಿಕೊಂಡೇ ಸಾಲನ್ನು ಮೆಲುದನಿಯಲ್ಲಿ ಹಾಡಿದರು. ಧ್ವನಿಮುದ್ರಣದ ದನಿ ಮರಳಿ ಬಂದಾಗ ಅವರ ತಾಳ ತಪ್ಪಿರಲಿಲ್ಲ.

ಭಜನೆಯನ್ನು ಎರಡು ಪೆನ್‌ಡ್ರೈವಿಗೆ ಹಾಕಿಕೊಟ್ಟೆ, ಒಂದು ಅವರಿಗೆ, ಒಂದು ಊರಿನ ಮಠಕ್ಕೆ. ಡಿಸ್ಕನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಇನ್ನು ಯಾವ ಯಂತ್ರಕ್ಕೂ ಹಾಕಬೇಡಿ ಎಂದು ಪೆಟ್ಟಿಗೆಯ ಮೇಲೆ ಬರೆದೆ. ಈ ಲೇಬಲ್ ಹಾಕಿಸಿದ ಸ್ಟುಡಿಯೋದಲ್ಲೇ ಅದೇ ಲೇಬಲ್ ಅಂಟಿಸಿದ ಇನ್ನೂ ನಾಲ್ಕು ಡಿಸ್ಕುಗಳು ಊರಿನ ಪೆಟ್ಟಿಗೆಯಲ್ಲಿವೆಯಂತೆ. ಬಿಸಿಲಿನಲ್ಲಿ ಬಸ್ಸಿನ ಕಿಟಕಿಯ ಪಕ್ಕ ಇಟ್ಟು ತರಬೇಡಿ, ರಾತ್ರಿಯ ಬಸ್ಸಿಗೆ ಬನ್ನಿ ಎಂದಿದ್ದೇನೆ.